42 ಡಿಗ್ರಿಯಲ್ಲಿ ಯೀಸ್ಟ್ ಯಾವ ಎಂಆರ್‌ಎನ್‌ಎಯನ್ನು ಹೊರಗೆ ಬಿಡುತ್ತದೆ, ಯಾವುದನ್ನು ತಡೆಯುತ್ತದೆ?

ಪ್ರಶ್ನೆ: ನಾನು ಎಂಎಸ್ಸಿ ಮೊದಲ ವರ್ಷದಲ್ಲಿ ಓದುತ್ತಿದ್ದೇನೆ ಸರ್. ಯೀಸ್ಟ್ ಕೋಶಗಳನ್ನು 42 ಡಿಗ್ರಿಯಲ್ಲಿ ಇಟ್ಟರೆ ಮಾಮೂಲಿ ಎಂಆರ್‌ಎನ್‌ಎಗಳು ಕೋಶಕೇಂದ್ರದ ಒಳಗೇ ಉಳಿಯುತ್ತವೆ, ಹೀಟ್ ಶಾಕ್ ಎಂಆರ್‌ಎನ್‌ಎಗಳು ಮಾತ್ರ ಹೊರಗೆ ಬರುತ್ತವೆ ಅಂತ ಪಾಠದಲ್ಲಿ ಬಂತು. ಎರಡೂ ಎಂಆರ್‌ಎನ್‌ಎನೇ ಅಲ್ವಾ? ಕೋಶಕ್ಕೆ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? ಹೀಟ್ ಶಾಕ್ ಎಂಆರ್‌ಎನ್‌ಎ ಮೇಲೆ ಏನಾದರೂ ವಿಶೇಷ ಗುರುತು ಇರುತ್ತದಾ? ಇನ್ನೊಂದು, ಸ್ಟ್ರೆಸ್ ಗ್ರಾನ್ಯೂಲ್ ಅಂದರೆ ಬಿಸಿಗೆ ಕೆಟ್ಟುಹೋದ ಪ್ರೋಟೀನುಗಳ ಗುಡ್ಡೆ ಅಷ್ಟೇನಾ?

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ. "ಎರಡೂ ಎಂಆರ್‌ಎನ್‌ಎನೇ ಅಲ್ವಾ" ಅಂತ ಕೇಳಿದ್ದೀರಲ್ಲ, ಅಲ್ಲೇ ಎಲ್ಲ ಇದೆ. ಎಂಆರ್‌ಎನ್‌ಎ ಅಂದರೆ ಪ್ರೋಟೀನು ತಯಾರಿಸಲು ಬೇಕಾದ, ಜೀನಿನ ನಕಲು; ಹೀಟ್ ಶಾಕ್ ಎಂಆರ್‌ಎನ್‌ಎ ಅಂದರೆ ಬಿಸಿಯಿಂದ ಕಾಪಾಡುವ ಪ್ರೋಟೀನುಗಳ ನಕಲು. ಎಂಆರ್‌ಎನ್‌ಎ ಕೋಶದೊಳಗೆ ಒಂದು ಕ್ಷಣವೂ ಬರಿಮೈಯಲ್ಲಿ ಇರುವುದಿಲ್ಲ. ಡಿಎನ್‌ಎಯಿಂದ ನಕಲಾಗುತ್ತಿರುವಾಗಲೇ ಅದರ ಮೇಲೆ ಪ್ರೋಟೀನುಗಳು ಬಂದು ಕೂರುತ್ತವೆ. ಹೊರಗೆ ಹೋಗಬೇಕೋ ಒಳಗೇ ಉಳಿಯಬೇಕೋ, ಹೊರಗೆ ಹೋದಮೇಲೆ ಪ್ರೋಟೀನು ಕಟ್ಟುವ ರೈಬೋಸೋಮಿಗೆ ಸಿಗಬೇಕೋ ಬೇಡವೋ, ಎಲ್ಲವೂ ಹೆಚ್ಚುಕಮ್ಮಿ ಈ ಪ್ರೋಟೀನುಗಳ ಮೇಲೆ ನಿಂತಿದೆ. ಹಾಗಾಗಿ ಗುರುತನ್ನು ಬರೀ ಆರ್‌ಎನ್‌ಎಯ ಅಕ್ಷರಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಯಾವ ಪ್ರೊಮೋಟರಿನಿಂದ, ಅಂದರೆ ಜೀನಿನ ನಕಲು ಶುರುಮಾಡಿಸುವ ಡಿಎನ್‌ಎ ತುಣುಕಿನಿಂದ, ಹುಟ್ಟಿತು, ಹುಟ್ಟುವಾಗ ಅದರ ಮೇಲೆ ಯಾರು ಕೂತರು ಅಂತ ನೋಡಬೇಕು.

ಮೊದಲು ತಣ್ಣಗಿರುವ ದಿನದ ಕಥೆ ನೋಡೋಣ, ಅಂದರೆ 25ರಿಂದ 30 ಡಿಗ್ರಿ. ನಾವು ಮಾತಾಡುತ್ತಿರುವುದು ಬ್ರೆಡ್ಡಿಗೆ ಹಾಕುವ ಅದೇ ಯೀಸ್ಟ್, ಸ್ಯಾಕರೋಮೈಸಿಸ್ ಸೆರೆವಿಸಿಯೆ. ಸುಮಾರು 6,000 ಜೀನ್‌ಗಳ ಸಣ್ಣ ಜೀವಿ, 1996ರಲ್ಲೇ ಇದರ ಪೂರ್ತಿ ಜೀನೋಮ್ ಓದಿ ಮುಗಿದಿತ್ತು. ಇದರ ಕೋಶಕೇಂದ್ರದ ಪೊರೆ ಕೋಶ ವಿಭಜನೆಯ ಹೊತ್ತಿನಲ್ಲೂ ಕರಗುವುದಿಲ್ಲ. ನಮ್ಮ ಕೋಶಗಳಲ್ಲಿ ಪ್ರತಿ ವಿಭಜನೆಗೂ ಪೊರೆ ಬಿಚ್ಚಿಕೊಂಡು ಮತ್ತೆ ಕಟ್ಟಿಕೊಳ್ಳುತ್ತದೆ, ಯೀಸ್ಟಿನಲ್ಲಿ ಹಾಗಿಲ್ಲ. ಒಳಗೆ ಹುಟ್ಟಿದ ಎಂಆರ್‌ಎನ್‌ಎ ಹೊರಗೆ ಬರಲು ಪೊರೆಯಲ್ಲಿರುವ ರಂಧ್ರಗಳನ್ನೇ ನಂಬಬೇಕು. ಈ ರಂಧ್ರ ಬರೀ ತೂತಲ್ಲ, ಸುಮಾರು 30 ಬಗೆಯ ಪ್ರೋಟೀನುಗಳಿಂದ ಕಟ್ಟಿದ ದೊಡ್ಡ ರಚನೆ. ಅದರ ಒಳಭಾಗದಲ್ಲಿ ಎಫ್‌ಜಿ ಅನ್ನುವ ಅಮೈನೋ ಆಮ್ಲದ ಜೋಡಿ ಮತ್ತೆ ಮತ್ತೆ ಬರುವ ಎಳೆಗಳು ತುಂಬಿಕೊಂಡಿವೆ. ದೊಡ್ಡ ಕಣಗಳು ತಾವಾಗಿಯೇ ಇದನ್ನು ದಾಟಲಾರವು. ಆ ಎಳೆಗಳ ಜೊತೆ ಬೆರೆಯಬಲ್ಲ ಸಾಗಣೆ ಪ್ರೋಟೀನು ಜೊತೆಗಿರಬೇಕು.

ಎಂಆರ್‌ಎನ್‌ಎಗೆ ಆ ಸಾಗಣೆ ಪ್ರೋಟೀನು ಮೆಕ್ಸ್67. ಇದರ ಜೊತೆಗಾರ ಎಂಟಿಆರ್2. ಮೆಕ್ಸ್67 ಸಿಕ್ಕಿದ್ದು 1997ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ, ಎಡ್ ಹರ್ಟ್ ಅವರ ಲ್ಯಾಬಿನಲ್ಲಿ. ಮನುಷ್ಯರಲ್ಲೂ ಇದೇ ಕೆಲಸಕ್ಕೆ ಎನ್‌ಎಕ್ಸ್‌ಎಫ್1 ಅನ್ನುವ ಪ್ರೋಟೀನು ಇದೆ. ಮೆಕ್ಸ್67 ಬಗ್ಗೆ ಒಂದು ವಿಷಯ ಚೆನ್ನಾಗಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ರಂಧ್ರದ ಎಳೆಗಳ ಜೊತೆ ಅದು ಚೆನ್ನಾಗಿ ಹೊಂದಿಕೊಳ್ಳುತ್ತದೆ, ಆದರೆ ಆರ್‌ಎನ್‌ಎಯನ್ನು ತಾನೇ ಹಿಡಿಯುವ ಶಕ್ತಿ ಕಡಿಮೆ. ಹಾಗಾಗಿ ಮಾಮೂಲಿ ಎಂಆರ್‌ಎನ್‌ಎ ಮೇಲೆ ಅದನ್ನು ತಂದು ಕೂರಿಸಲು ಮಧ್ಯೆ ಬೇರೆ ಪ್ರೋಟೀನುಗಳು ಬೇಕು. ಇವನ್ನೇ ಅಡಾಪ್ಟರ್ ಅನ್ನುತ್ತೇವೆ. ಎನ್‌ಪಿಎಲ್3, ನ್ಯಾಬ್2, ಯ್ರಾ1, ಜಿಬಿಪಿ2, ಎಚ್‌ಆರ್‌ಬಿ1, ಹೀಗೆ ಹಲವು.

ಈ ಅಡಾಪ್ಟರುಗಳ ಕೆಲಸ ಬರೀ ಮೆಕ್ಸ್67ನ್ನು ಕರೆತರುವುದಷ್ಟೇ ಅಂದುಕೊಂಡರೆ ಅರ್ಧ ಮಾತ್ರ ಸರಿ. ಪ್ರತಿಯೊಂದೂ ಎಂಆರ್‌ಎನ್‌ಎ ತಯಾರಿಯ ಯಾವುದಾದರೂ ಒಂದು ಹಂತಕ್ಕೆ ಅಂಟಿಕೊಂಡಿದೆ. ಜಿಬಿಪಿ2 ಮತ್ತು ಎಚ್‌ಆರ್‌ಬಿ1 ಇಂಟ್ರಾನ್ ಅನ್ನುವ ಬೇಡದ ತುಣುಕುಗಳನ್ನು ಕತ್ತರಿಸುವ ಕೆಲಸ ಸರಿಯಾಗಿ ಮುಗಿಯಿತಾ ಅಂತ ನೋಡುತ್ತವೆ. ನ್ಯಾಬ್2 ಜಿಂಕ್ ಬೆರಳು ಅನ್ನುವ ತನ್ನ ಭಾಗಗಳಿಂದ ಪಾಲಿ-ಎ ಬಾಲವನ್ನು, ಅಂದರೆ ಎಂಆರ್‌ಎನ್‌ಎ ಕೊನೆಯಲ್ಲಿರುವ ಎ ಅಕ್ಷರಗಳ ಸರವನ್ನು, ಹಿಡಿಯುತ್ತದೆ. ಹಾಗಾಗಿ ಬಾಲ ಸರಿಯಾಗಿ ಬೆಳೆದಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಯ್ರಾ1 ಬರುವುದು ಟ್ರೆಕ್ಸ್ ಅನ್ನುವ ಗುಂಪಿನ ಜೊತೆ, ನಕಲು ನಡೆಯುತ್ತಿರುವಾಗಲೇ. ಎನ್‌ಪಿಎಲ್3ದು ಇನ್ನೂ ಸೊಗಸು. ಕೋಶದ್ರವ್ಯದಲ್ಲಿ ಸ್ಕೈ1 ಅನ್ನುವ ಕೈನೇಸ್ ಇದಕ್ಕೆ ಫಾಸ್ಫೇಟ್ ಸೇರಿಸುತ್ತದೆ, ಆಗ ಅದು ಎಂಆರ್‌ಎನ್‌ಎಯನ್ನು ಬಿಟ್ಟು ಮತ್ತೆ ಒಳಗೆ ಹೋಗುತ್ತದೆ. ಒಳಗೆ ಜಿಎಲ್‌ಸಿ7 ಅನ್ನುವ ಕಿಣ್ವ ಆ ಫಾಸ್ಫೇಟನ್ನು ತೆಗೆದಾಗಲೇ ಎನ್‌ಪಿಎಲ್3 ಮೆಕ್ಸ್67ನ್ನು ಹಿಡಿಯಲು ಸಿದ್ಧ. ಒಂದೇ ಪ್ರೋಟೀನು, ಒಳಗೆ ಹೊರಗೆ ಓಡಾಡುತ್ತಾ, ಒಂದು ಫಾಸ್ಫೇಟಿನ ಇರುವಿಕೆಯಿಂದ ತಾನು ಯಾವ ಕಡೆ ಇದ್ದೇನೆ ಅಂತ ತಿಳಿದುಕೊಳ್ಳುತ್ತದೆ! ಇದನ್ನು ಮೊದಲ ಸಲ ಓದಿದಾಗ ನನಗೆ ಆದ ಖುಷಿ ಇವತ್ತಿಗೂ ಹಾಗೇ ಇದೆ.

ರಂಧ್ರದ ಒಳಬಾಗಿಲಲ್ಲಿ ಬುಟ್ಟಿಯಂಥ ರಚನೆ ಇದೆ, ಅಲ್ಲಿ ಎಂಎಲ್‌ಪಿ1 ಅನ್ನುವ ಪ್ರೋಟೀನು ಇರುತ್ತದೆ. ತಯಾರಿ ಪೂರ್ತಿಯಾಗದ ಎಂಆರ್‌ಎನ್‌ಎಗಳು ಇಲ್ಲೇ ನಿಲ್ಲುತ್ತವೆ. ಎಲ್ಲ ಸರಿಯಿದ್ದವು ದಾಟುತ್ತವೆ. ದಾಟುವುದಕ್ಕೆ ಎಷ್ಟು ಹೊತ್ತು ಗೊತ್ತಾ? ಜೀವಂತ ಯೀಸ್ಟಿನಲ್ಲಿ ಒಂದೊಂದೇ ಎಂಆರ್‌ಎನ್‌ಎಯನ್ನು ಹಿಂಬಾಲಿಸಿ ನೋಡಿದ್ದಾರೆ, ಸುಮಾರು 200 ಮಿಲಿಸೆಕೆಂಡು. ಹೊರಬದಿಗೆ ತಲುಪಿದ ಕೂಡಲೇ ಅಲ್ಲಿ ಡಿಬಿಪಿ5 ಕಾದಿರುತ್ತದೆ. ಇದೊಂದು ಹೆಲಿಕೇಸ್, ಅಂದರೆ ಆರ್‌ಎನ್‌ಎಯ ಗಂಟು ಬಿಡಿಸುವ ಬಗೆಯ ಕಿಣ್ವ. ಇದು ನಪ್159 ಅನ್ನುವ ರಂಧ್ರದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಗ್ಲೀ1 ಅನ್ನುವ ಪ್ರೋಟೀನು ಮತ್ತು ಇನೋಸಿಟಾಲ್ ಹೆಕ್ಸಾಫಾಸ್ಫೇಟ್ ಅನ್ನುವ ಸಣ್ಣ ಅಣು, ಇವೆರಡೂ ಸೇರಿ ಇದನ್ನು ಚುರುಕುಗೊಳಿಸುತ್ತವೆ. ಎಂಆರ್‌ಎನ್‌ಎ ಮೇಲಿರುವ ಮೆಕ್ಸ್67 ಮತ್ತು ನ್ಯಾಬ್2ನ್ನು ಡಿಬಿಪಿ5 ಕಿತ್ತುಹಾಕುತ್ತದೆ. ಮೆಕ್ಸ್67 ಇಲ್ಲದ ಮೇಲೆ ಎಂಆರ್‌ಎನ್‌ಎ ಹಿಂದಕ್ಕೆ ಜಾರುವ ಹಾಗಿಲ್ಲ. ಎಂಆರ್‌ಎನ್‌ಎ ಸಾಗಣೆ ಒಂದೇ ದಿಕ್ಕಿಗೆ ನಡೆಯುವುದಕ್ಕೆ ಇದೇ ಕಾರಣ, ಕೋಶದ ಇಂಧನವಾದ ಎಟಿಪಿ ಖರ್ಚಾಗುವುದೂ ಇಲ್ಲೇ.

ಈಗ ಬಿಸಿಗೆ ಬರೋಣ.

42 ಡಿಗ್ರಿಗೆ ಏರಿಸಿದಾಗ ಎಂಆರ್‌ಎನ್‌ಎ ರಾಶಿ ಒಳಗೇ ಉಳಿಯುತ್ತದೆ, ಆದರೆ ಎಸ್‌ಎಸ್‌ಎ4ನಂಥ ಹೀಟ್ ಶಾಕ್ ಎಂಆರ್‌ಎನ್‌ಎ ಸಲೀಸಾಗಿ ಹೊರಗೆ ಬರುತ್ತದೆ ಅಂತ ಚಾರ್ಲ್ಸ್ ಕೋಲ್ ಅವರ ತಂಡ 1996ರಲ್ಲಿ ತೋರಿಸಿತು. ನಿಮ್ಮ ಪಾಠದಲ್ಲಿ ಬಂದಿದ್ದು ಇದೇ. ಅಲ್ಲಿಂದ ಹಲವು ವರ್ಷ ಎಲ್ಲರೂ ನಿಮ್ಮ ಹಾಗೆಯೇ ಯೋಚಿಸಿದರು: ಹೀಟ್ ಶಾಕ್ ಎಂಆರ್‌ಎನ್‌ಎಯಲ್ಲಿ ಏನೋ ಒಂದು ವಿಶೇಷ ತುಣುಕು ಇರಬೇಕು, ಅದನ್ನು ಓದುವ ವಿಶೇಷ ಪ್ರೋಟೀನು ಇರಬೇಕು ಅಂತ. ರಿಪ್1 ಅನ್ನುವ, ಈಗ ನಪ್42 ಅಂತ ಕರೆಯುವ ರಂಧ್ರದ ಪ್ರೋಟೀನು ಇಲ್ಲದಿದ್ದರೆ ಬಿಸಿಯಲ್ಲಿ ಹೀಟ್ ಶಾಕ್ ಎಂಆರ್‌ಎನ್‌ಎಗಳೂ ಹೊರಬರುವುದಿಲ್ಲ ಅಂತ 1997ರಲ್ಲಿ ಗೊತ್ತಾದಾಗ ಆ ಯೋಚನೆಗೆ ಇನ್ನಷ್ಟು ಬಲ ಬಂತು. ಆದರೆ ಸಾಗಣೆ ಪ್ರೋಟೀನು ಬೇರೆ ಅಲ್ಲ, ಹೀಟ್ ಶಾಕ್ ಎಂಆರ್‌ಎನ್‌ಎಗೂ ಅದೇ ಮೆಕ್ಸ್67 ಬೇಕು. ಹಾಗಾದರೆ ಅದೇ ಮೆಕ್ಸ್67 ಒಂದನ್ನು ಒಯ್ದು ಇನ್ನೊಂದನ್ನು ಬಿಡುವುದು ಹೇಗೆ?

ಉತ್ತರ ಬಂದಿದ್ದು 2016ರಲ್ಲಿ, ಜರ್ಮನಿಯ ಗಟ್ಟಿಂಗೆನ್‌ನ ಹೈಕೆ ಕ್ರೆಬರ್ ಅವರ ಲ್ಯಾಬಿನಿಂದ. ಬಿಸಿ ತಾಗಿದಾಗ ಎನ್‌ಪಿಎಲ್3, ನ್ಯಾಬ್2, ಜಿಬಿಪಿ2, ಎಚ್‌ಆರ್‌ಬಿ1 ಇವೆಲ್ಲ ಮಾಮೂಲಿ ಎಂಆರ್‌ಎನ್‌ಎಯಿಂದ ಕಳಚಿಕೊಳ್ಳುತ್ತವೆ. ಅಡಾಪ್ಟರ್ ಹೋದರೆ ಮೆಕ್ಸ್67 ಕೂಡ ಹೋಯಿತು. ಹಾಗಾಗಿ ಅವು ಒಳಗೇ ಉಳಿದವು. ಇತ್ತ ಹೀಟ್ ಶಾಕ್ ಜೀನ್‌ಗಳ ಪ್ರೊಮೋಟರಿನ ಮೇಲೆ ಎಚ್‌ಎಸ್‌ಎಫ್1, ಅಂದರೆ ಆ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನು, ಕೂತಿರುತ್ತದೆ. ಬಿಸಿಯಲ್ಲಿ ಮೆಕ್ಸ್67 ಅಲ್ಲಿಗೆ, ಎಚ್‌ಎಸ್‌ಎಫ್1 ಇರುವ ಜಾಗಕ್ಕೇ ಬರುತ್ತದೆ, ಅಲ್ಲಿ ಹುಟ್ಟುತ್ತಿರುವ ಎಂಆರ್‌ಎನ್‌ಎ ಮೇಲೆ ಅಡಾಪ್ಟರ್ ಇಲ್ಲದೆ ನೇರವಾಗಿ ಏರುತ್ತದೆ. ಆಸ್ಪತ್ರೆಯಲ್ಲಿ ಎಮರ್ಜೆನ್ಸಿ ಕೇಸು ಬಂದರೆ ಒಪಿಡಿ ಚೀಟಿ, ಸರದಿ ಏನೂ ಕೇಳದೆ ಸೀದಾ ಒಳಗೆ ಕರೆದುಕೊಂಡು ಹೋಗುತ್ತಾರಲ್ಲ, ಇದೂ ಹಾಗೇ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವ ಪ್ರಯೋಗವನ್ನೂ ಅವರೇ ಮಾಡಿದ್ದಾರೆ. ಹೀಟ್ ಶಾಕ್ ಜೀನಿನ ಪ್ರೊಮೋಟರನ್ನು ತೆಗೆದು ಅಲ್ಲಿ ಮಾಮೂಲಿ ಜೀನಿನ ಪ್ರೊಮೋಟರ್ ಇಟ್ಟರು. ಎಂಆರ್‌ಎನ್‌ಎಯ ಅಕ್ಷರಗಳು ಹಳೆಯವೇ, ಹುಟ್ಟಿದ ಜಾಗದ ಪ್ರೊಮೋಟರ್ ಮಾತ್ರ ಬೇರೆ. ಆಗ ಮೆಕ್ಸ್67ಗೆ ಮತ್ತೆ ಅಡಾಪ್ಟರ್ ಬೇಕಾಯಿತು. ಗುರುತು ಎಂಆರ್‌ಎನ್‌ಎಯ ಮೈಮೇಲೆ ಬರೆದಿಲ್ಲ ಅಂತ ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರುವುದು ಈ ಪ್ರಯೋಗದಿಂದಲೇ.

ಇದಕ್ಕೆ ಕೋಶ ಒಂದು ಬೆಲೆ ಕೊಡುತ್ತದೆ. ಅಡಾಪ್ಟರುಗಳೇ ತಪಾಸಣೆಯವರೂ ಆಗಿದ್ದರಲ್ಲ, ಅವರನ್ನು ಬಿಟ್ಟು ಹೋದರೆ ತಪಾಸಣೆಯೂ ಇಲ್ಲ. ತಪ್ಪಾಗಿ ತಯಾರಾದ ಹೀಟ್ ಶಾಕ್ ಎಂಆರ್‌ಎನ್‌ಎಗಳೂ ಹೊರಗೆ ಸೋರಿಕೊಳ್ಳಬಹುದು. ಕೋಶ ಇದನ್ನು ಒಪ್ಪಿಕೊಂಡಿದೆ, ಏಕೆಂದರೆ ಆ ಹೊತ್ತಿನಲ್ಲಿ ನಿಖರತೆಗಿಂತ ವೇಗ ಮುಖ್ಯ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಮಾತು ಇದೇ, ಪಠ್ಯಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ ಅನ್ನುವುದು ನನಗೆ ಬೇಸರ. ಒತ್ತಡದ ಹೊತ್ತಿನಲ್ಲಿ ಕೋಶ ಹೊಸ ಯಂತ್ರ ಕಟ್ಟುವುದಿಲ್ಲ. ಇದ್ದ ಯಂತ್ರದಲ್ಲೇ ಕೆಲವು ಹಂತ ಬಿಟ್ಟುಬಿಡುತ್ತದೆ.

ಎಚ್‌ಎಸ್‌ಎಫ್1ಗೆ ಬಿಸಿಯಾಯಿತು ಅಂತ ಹೇಗೆ ಗೊತ್ತಾಗುತ್ತದೆ ಅಂತ ನೀವು ಮುಂದೆ ಕೇಳಬಹುದು. ಮಾಮೂಲಿ ದಿನದಲ್ಲಿ ಎಚ್‌ಎಸ್‌ಪಿ70 ಅನ್ನುವ ಚಾಪರೋನ್, ಅಂದರೆ ಬೇರೆ ಪ್ರೋಟೀನುಗಳ ಮಡಿಕೆ ಸರಿಪಡಿಸುವ ಪ್ರೋಟೀನು, ಅದನ್ನು ಹಿಡಿದಿಟ್ಟಿರುತ್ತದೆ. ಮಡಿಕೆ ತಪ್ಪಿದ ಪ್ರೋಟೀನುಗಳು ಜಾಸ್ತಿಯಾದರೆ ಎಚ್‌ಎಸ್‌ಪಿ70 ಅವುಗಳ ಕಡೆ ಓಡುತ್ತದೆ, ಎಚ್‌ಎಸ್‌ಎಫ್1 ಬಿಡುಗಡೆಯಾಗುತ್ತದೆ. ಅದು ತಯಾರಿಸುವುದು ಮತ್ತಷ್ಟು ಎಚ್‌ಎಸ್‌ಪಿ70. ಅದು ಸಾಕಷ್ಟಾದಾಗ ಮತ್ತೆ ಎಚ್‌ಎಸ್‌ಎಫ್1ನ್ನು ಹಿಡಿಯುತ್ತದೆ. ಇಷ್ಟು ಸಾಕು ಇಲ್ಲಿಗೆ.

ಕಳಚಿಕೊಂಡ ಅಡಾಪ್ಟರುಗಳು ಎಲ್ಲಿ ಹೋಗುತ್ತವೆ? ನ್ಯಾಬ್2 ಬಗ್ಗೆ 2010ರಲ್ಲಿ ಗೊತ್ತಾಯಿತು. ಕೋಶಗೋಡೆಯ ಸಂಕೇತ ಸಾಗಿಸುವ ಎಸ್‌ಎಲ್‌ಟಿ2 ಅನ್ನುವ ಕೈನೇಸ್, ಬಿಸಿಯಲ್ಲಿ ನ್ಯಾಬ್2ಗೆ ಫಾಸ್ಫೇಟ್ ಹಾಕುತ್ತದೆ. ನ್ಯಾಬ್2 ಮತ್ತು ಯ್ರಾ1, ಎಂಎಲ್‌ಪಿ1 ಜೊತೆ ಸೇರಿ ಕೋಶಕೇಂದ್ರದೊಳಗೇ ಚುಕ್ಕೆಗಳಾಗಿ ಕೂಡಿಕೊಳ್ಳುತ್ತವೆ. ಅಂದರೆ ಅಡಾಪ್ಟರುಗಳು ನಾಶವಾಗುವುದಿಲ್ಲ, ಪಕ್ಕಕ್ಕೆ ಸರಿಯುತ್ತವೆ.

ಎಲ್ಲ ಒತ್ತಡಕ್ಕೂ ಇದೇ ದಾರಿ ಅಂದುಕೊಳ್ಳಬೇಡಿ. 10 ಪರ್ಸೆಂಟ್ ಎಥನಾಲ್ ಹಾಕಿದರೂ ಎಂಆರ್‌ಎನ್‌ಎ ರಾಶಿ ಒಳಗೇ ಉಳಿಯುತ್ತದೆ. ಮೇಲ್ನೋಟಕ್ಕೆ 42 ಡಿಗ್ರಿಯ ಚಿತ್ರವೇ. ಆದರೆ 2004ರಲ್ಲಿ ಜಪಾನಿನ ಸಂಶೋಧಕರು ಗಮನಿಸಿದ್ದು, ಎಥನಾಲಿನಲ್ಲಿ ಡಿಬಿಪಿ5 ರಂಧ್ರದ ಹೊರಬದಿ ಬಿಟ್ಟು ಕೋಶಕೇಂದ್ರದ ಒಳಗೆ ಸೇರಿಕೊಳ್ಳುತ್ತದೆ, ಎಥನಾಲ್ ತೆಗೆದರೆ ವಾಪಸ್ ಬರುತ್ತದೆ. ಬಿಸಿಯಲ್ಲಿ ಹೀಗಾಗುವುದಿಲ್ಲ. ಹೊರಬದಿಯಲ್ಲಿ ಕಿತ್ತುಹಾಕುವವನೇ ಇಲ್ಲ ಅಂದಮೇಲೆ ಸಾಗಣೆ ನಿಲ್ಲುವುದು ಸಹಜ ತಾನೇ? ಯೀಸ್ಟ್ ತಾನೇ ತಯಾರಿಸಿದ ಎಥನಾಲಿನಲ್ಲಿ ಬದುಕಬೇಕಾದ ಜೀವಿ, ವೈನ್ ಮತ್ತು ಸಾಕೆ ಅನ್ನುವ ಜಪಾನಿ ಮದ್ಯ ತಯಾರಿಸುವವರಿಗೆ ಇದು ದಿನನಿತ್ಯದ ವಿಷಯ. ಆದ್ದರಿಂದ ಪರೀಕ್ಷೆಯಲ್ಲಿ "ಒತ್ತಡದಲ್ಲಿ ಎಂಆರ್‌ಎನ್‌ಎ ಸಾಗಣೆ ನಿಲ್ಲುತ್ತದೆ" ಅಂತ ಸುಮ್ನೆ ಬರೆಯಬೇಡಿ, ಯಾವ ಒತ್ತಡ, ಎಷ್ಟು, ಯಾವ ಹಂತದಲ್ಲಿ ಅಂತ ಬರೆಯಿರಿ.

ಇನ್ನು ಸ್ಟ್ರೆಸ್ ಗ್ರಾನ್ಯೂಲ್, ಅಂದರೆ ಒತ್ತಡದ ಹೊತ್ತಿನಲ್ಲಿ ಕೋಶದ್ರವ್ಯದಲ್ಲಿ ಎಂಆರ್‌ಎನ್‌ಎ ಮತ್ತು ಪ್ರೋಟೀನುಗಳು ಕೂಡಿ ಆಗುವ ಹನಿಗಳು. ಇಲ್ಲಿ ನಿಮ್ಮ ಅನುಮಾನ ತಪ್ಪು ಅಂತ ಸ್ಪಷ್ಟವಾಗಿ ಹೇಳುತ್ತೇನೆ. ಬಿಸಿ ತಾಗುವಾಗ ಹೊರಗೆ, ಅಂದರೆ ಕೋಶದ್ರವ್ಯದಲ್ಲಿ, ಆಗಲೇ ಸಾವಿರಾರು ಮಾಮೂಲಿ ಎಂಆರ್‌ಎನ್‌ಎಗಳು ಇರುತ್ತವೆ. ಒಳಗಿನವನ್ನು ತಡೆದರೆ ಸಾಲದು, ಹೊರಗಿರುವವನ್ನೂ ರೈಬೋಸೋಮಿನಿಂದ ದೂರ ಇಡಬೇಕು, ಇಲ್ಲದಿದ್ದರೆ ಹೀಟ್ ಶಾಕ್ ಪ್ರೋಟೀನು ತಯಾರಿಸಲು ರೈಬೋಸೋಮು ಸಿಗುವುದಿಲ್ಲ. ಈ ಕೆಲಸ ಮಾಡುವವೂ ಆರ್‌ಎನ್‌ಎ ಹಿಡಿಯುವ ಪ್ರೋಟೀನುಗಳೇ. ಪ್ಯಾಬ್1 ತೆಗೆದುಕೊಳ್ಳಿ. ಹೊರಗೆ ಪಾಲಿ-ಎ ಬಾಲವನ್ನು ಹಿಡಿದುಕೊಂಡಿರುವ ಪ್ರೋಟೀನು ಇದು. ಬಿಸಿಯಲ್ಲಿ ಯೀಸ್ಟ್ ಕೋಶದ ಒಳಗಿನ ಪಿಎಚ್ ಸ್ವಲ್ಪ ಇಳಿಯುತ್ತದೆ, 7ಕ್ಕಿಂತ ಮೇಲಿದ್ದದ್ದು 7ಕ್ಕಿಂತ ಕೆಳಗೆ ಬರುತ್ತದೆ. ಶಿಕಾಗೋದ ಅಲನ್ ಡ್ರಮಂಡ್ ಅವರ ತಂಡ 2017ರಲ್ಲಿ ಶುದ್ಧ ಪ್ಯಾಬ್1ನ್ನು ಟ್ಯೂಬಿನಲ್ಲಿ ತೆಗೆದುಕೊಂಡು ಬಿಸಿ ಮಾಡಿ, ಪಿಎಚ್ ಇಳಿಸಿ ನೋಡಿತು. ಬೇರೆ ಯಾರ ಸಹಾಯವೂ ಇಲ್ಲದೆ ಅದು ಹನಿಗಳಾಗಿ ಒಟ್ಟುಗೂಡಿತು. ಹೀಗೆ ಒಟ್ಟುಗೂಡುವ ಗುಣವನ್ನು ರೂಪಾಂತರಗಳಿಂದ ಕಡಿಮೆ ಮಾಡಿದಾಗ ಕೋಶಗಳು ಬಿಸಿಯಲ್ಲಿ ಸರಿಯಾಗಿ ಬೆಳೆಯಲಿಲ್ಲ. ಇದನ್ನು ಗಮನಿಸಿ. ಒಟ್ಟುಗೂಡುವುದು ಬರೀ ಹಾನಿಯಾಗಿದ್ದರೆ ಅದನ್ನು ತಡೆದಾಗ ಕೋಶಕ್ಕೆ ಒಳ್ಳೆಯದಾಗಬೇಕಿತ್ತು. ಆಗಿದ್ದು ಉಲ್ಟಾ.

ಡೆಡ್1 ಇನ್ನೂ ಸ್ಪಷ್ಟ ಉದಾಹರಣೆ. ಇದೂ ಹೆಲಿಕೇಸ್, ಎಂಆರ್‌ಎನ್‌ಎಯ ಮುಂಭಾಗದ ಗಂಟುಗಳನ್ನು ಬಿಡಿಸಿ ರೈಬೋಸೋಮಿಗೆ ದಾರಿ ಮಾಡಿಕೊಡುತ್ತದೆ. ಬೆಳವಣಿಗೆಗೆ ಬೇಕಾದ ಅನೇಕ ಮಾಮೂಲಿ ಎಂಆರ್‌ಎನ್‌ಎಗಳ ಮುಂಭಾಗ ಉದ್ದ, ಗಂಟುಗಂಟು. ಹೀಟ್ ಶಾಕ್ ಎಂಆರ್‌ಎನ್‌ಎಗಳ ಮುಂಭಾಗ ಸರಳ. ಬಿಸಿಯಲ್ಲಿ ಡೆಡ್1 ಹನಿಗಳಾಗಿ ಕೂಡಿಕೊಂಡುಬಿಟ್ಟರೆ ಗಂಟಿರುವ ಎಂಆರ್‌ಎನ್‌ಎಗಳು ರೈಬೋಸೋಮಿಗೆ ಸಿಗುವುದಿಲ್ಲ, ಸರಳ ಇರುವವು ಡೆಡ್1 ಇಲ್ಲದೆಯೂ ನಡೆಯುತ್ತವೆ. 2020ರಲ್ಲಿ ಸೈಮನ್ ಆಲ್ಬರ್ಟಿ ಅವರ ತಂಡ ತೋರಿಸಿದ್ದು ಇದನ್ನೇ. ಹಾಗಾಗಿ ಇಲ್ಲಿ, ಅಂದರೆ ರೈಬೋಸೋಮು ಎಂಆರ್‌ಎನ್‌ಎ ಓದಿ ಪ್ರೋಟೀನು ಕಟ್ಟುವ ಅನುವಾದದ ಹಂತದಲ್ಲಿ ಮಾತ್ರ, ಎಂಆರ್‌ಎನ್‌ಎಯ ಮೈಮೇಲೆ ಏನೋ ಒಂದು ಗುರುತು ಇದೆ ಅನ್ನುವ ನಿಮ್ಮ ಊಹೆಗೆ ಸ್ವಲ್ಪ ಜಾಗ ಇದೆ. ಹೊರಬರುವ ಹಂತದಲ್ಲಿ ಹುಟ್ಟಿದ ಪ್ರೊಮೋಟರ್ ಮುಖ್ಯ, ರೈಬೋಸೋಮಿನ ಹಂತದಲ್ಲಿ ಮುಂಭಾಗದ ಆಕಾರ ಮುಖ್ಯ. ಇವೆರಡನ್ನೂ ಬೆರೆಸಿಕೊಂಡರೆ ಗೊಂದಲವಾಗುತ್ತದೆ, ಬಹಳ ವಿದ್ಯಾರ್ಥಿಗಳಿಗೆ ಆಗುವುದೂ ಇದೇ.

ಬಿಸಿ ಇಳಿದ ಮೇಲೆ ಈ ಹನಿಗಳನ್ನು ಬಿಡಿಸುವುದು ಆಗ ತಾನೇ ತಯಾರಾದ ಹೀಟ್ ಶಾಕ್ ಪ್ರೋಟೀನುಗಳು: ಎಚ್‌ಎಸ್‌ಪಿ70, ಎಚ್‌ಎಸ್‌ಪಿ104, ಜೊತೆಗೆ ಇವುಗಳಿಗೆ ನೆರವಾಗುವ ಸಿಸ್1. ಪ್ಯಾಬ್1 ಮತ್ತೆ ಕೆಲಸಕ್ಕೆ ಸಿಗುತ್ತದೆ.

ಈ ಕ್ಷೇತ್ರದಲ್ಲಿ ಕೆಲಸ ಮಾಡಬೇಕು ಅನ್ನಿಸಿದರೆ ತುಂಬಾ ದೂರ ಹೋಗಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪುರುಷಾರ್ಥ ರಾಜ್ಯಗುರು ಅವರ ಲ್ಯಾಬ್ ಯೀಸ್ಟಿನ ಆರ್‌ಜಿಜಿ ಪ್ರೋಟೀನುಗಳ ಮೇಲೆ ಕೆಲಸ ಮಾಡುತ್ತದೆ. ಆರ್ಜಿನಿನ್, ಗ್ಲೈಸಿನ್, ಗ್ಲೈಸಿನ್ ಮತ್ತೆ ಮತ್ತೆ ಬರುವ ಪ್ರೋಟೀನುಗಳು ಇವು. ಇವುಗಳಲ್ಲಿ ಎಸ್‌ಸಿಡಿ6 ಅನ್ನುವುದು ಅನುವಾದ ಶುರುಮಾಡಿಸುವ ಇಐಎಫ್4ಜಿ ಅನ್ನುವ ಪ್ರೋಟೀನನ್ನು ಹಿಡಿದು ಅನುವಾದ ಶುರುವಾಗದಂತೆ ತಡೆಯುತ್ತದೆ, ಅದರ ಆರ್ಜಿನಿನ್‌ಗಳಿಗೆ ಮೀಥೈಲ್ ಗುಂಪು ಸೇರಿದರೆ ಈ ಶಕ್ತಿ ಹೆಚ್ಚುತ್ತದೆ. ಮೀಥೈಲ್ ಸೇರಿಸುವ ಕಿಣ್ವ ಎಚ್‌ಎಂಟಿ1. ಎನ್‌ಪಿಎಲ್3ಗೆ ಮೀಥೈಲ್ ಸೇರಿಸುವುದೂ ಇದೇ ಕಿಣ್ವ. ಒಳಗಿನ ಸಾಗಣೆ, ಹೊರಗಿನ ಅನುವಾದ ಎರಡನ್ನೂ ಒಂದೇ ಕಿಣ್ವ ಮುಟ್ಟುತ್ತದೆ ಅನ್ನುವುದು ಎಷ್ಟು ಕುತೂಹಲದ ವಿಷಯ ಅಲ್ವಾ?

ಯೀಸ್ಟಿನ ಈ ಪ್ರೋಟೀನುಗಳಲ್ಲಿ ಬಹಳಷ್ಟಕ್ಕೆ ಮನುಷ್ಯರಲ್ಲೂ ಜೋಡಿ ಇದೆ ಅನ್ನುವುದನ್ನೂ ಮರೆಯಬೇಡಿ. ಗ್ಲೀ1 ಜೀನಿನಲ್ಲಿ ದೋಷವಿದ್ದರೆ ಗರ್ಭದಲ್ಲೇ ಮಗು ತೀರಿಕೊಳ್ಳುವ ಒಂದು ಕಾಯಿಲೆ ಬರುತ್ತದೆ ಅಂತ 2008ರಲ್ಲಿ ಫಿನ್ಲೆಂಡಿನ ಕುಟುಂಬಗಳಲ್ಲಿ ಗೊತ್ತಾಯಿತು. ನ್ಯಾಬ್2ನ ಮಾನವ ರೂಪ ಝಡ್‌ಸಿ3ಎಚ್14, ಅದು ಇಲ್ಲದಿದ್ದರೆ ಬುದ್ಧಿ ಬೆಳವಣಿಗೆ ಕುಂಠಿತವಾಗುತ್ತದೆ. ಸ್ಟ್ರೆಸ್ ಗ್ರಾನ್ಯೂಲಿನ ಪಿಬಿಪಿ1 ಅಂದರೆ ನಮ್ಮ ಅಟಾಕ್ಸಿನ್-2. ಎಎಲ್‌ಎಸ್ ಅನ್ನುವ ನರಗಳ ಕಾಯಿಲೆಗೂ ಅದಕ್ಕೂ ಇರುವ ನಂಟು 2010ರಲ್ಲಿ ಮೊದಲು ಸಿಕ್ಕಿದ್ದು ಯೀಸ್ಟಿನಲ್ಲೇ.

ಕೊನೆಯದಾಗಿ, ಪ್ರಾಕ್ಟಿಕಲ್‌ನಲ್ಲಿ ನೋಡುವ ಅವಕಾಶ ಸಿಕ್ಕರೆ ಹೇಗೆ ನೋಡಬೇಕು ಅಂತ ಹೇಳುತ್ತೇನೆ. ಹೊಳೆಯುವ ಬಣ್ಣ ಅಂಟಿಸಿದ ಟಿ ಅಕ್ಷರಗಳ ಸರ ತೆಗೆದುಕೊಂಡರೆ ಅದು ಪಾಲಿ-ಎ ಬಾಲಗಳಿಗೆ ಅಂಟುತ್ತದೆ. ಡಿಎನ್‌ಎಗೆ ಡ್ಯಾಪಿ ಅನ್ನುವ ಹೊಳೆಯುವ ಬಣ್ಣ ಹಾಕಿ. 30 ಡಿಗ್ರಿಯ ಕೋಶದಲ್ಲಿ ಬೆಳಕು ಕೋಶದ ತುಂಬಾ ಹರಡಿರುತ್ತದೆ, ವ್ಯಾಕ್ಯೂಲ್ ಇರುವ ಕಡೆ ಮಾತ್ರ ಕಪ್ಪು. 42ರಲ್ಲಿ ಅದು ಡ್ಯಾಪಿಯ ಜಾಗಕ್ಕೆ ಬಂದು ಗುಂಪಾಗುತ್ತದೆ. ಹೋಲಿಕೆಗೆ ಮೆಕ್ಸ್67-5 ಅನ್ನುವ ತಳಿ ಇಟ್ಟುಕೊಳ್ಳಿ, ಇದರ ಮೆಕ್ಸ್67 37 ಡಿಗ್ರಿಯಲ್ಲೇ ಕೈಕೊಡುತ್ತದೆ, ಕೆಲವೇ ನಿಮಿಷಗಳಲ್ಲಿ ಬೆಳಕು ಒಳಗೆ ತುಂಬುತ್ತದೆ. ಮಾಮೂಲಿ ತಳಿಯಲ್ಲಿ 37ರಲ್ಲಿ ಹಾಗಾಗುವುದಿಲ್ಲ, ಆ ಸ್ಲೈಡ್ ಪಕ್ಕದಲ್ಲಿ ಇಲ್ಲದೆ ಯಾವ ತೀರ್ಮಾನಕ್ಕೂ ಬರಬೇಡಿ. ಈ ಟಿ ಸರ ಎಲ್ಲ ಎಂಆರ್‌ಎನ್‌ಎಯನ್ನೂ ಒಟ್ಟಿಗೆ ತೋರಿಸುತ್ತದೆ, ಹಾಗಾಗಿ ಎಸ್‌ಎಸ್‌ಎ4 ಹೊರಬಂತಾ ಅಂತ ನೋಡಲು ಅದಕ್ಕೇ ಅಂಟುವ ಬೇರೆ ಸರ, ಅಂದರೆ ಪ್ರೋಬ್, ಬೇಕು. ಹೊರಗಿನ ಗ್ರಾನ್ಯೂಲ್‌ಗಳನ್ನು ನೋಡುವುದಾದರೆ ಪ್ಯಾಬ್1ಗೆ ಜಿಎಫ್‌ಪಿ ಅನ್ನುವ ಹೊಳೆಯುವ ಪ್ರೋಟೀನು ಅಂಟಿಸಿದ ತಳಿ ಸಾಕು, ಗ್ಲೂಕೋಸ್ ತೆಗೆದರೆ ಚುಕ್ಕೆಗಳು ಕಾಣುತ್ತವೆ. ಗ್ಲೂಕೋಸ್ ತೆಗೆಯುವ ಮುಂಚೆ ಒಂದು ಟ್ಯೂಬಿಗೆ ಸೈಕ್ಲೋಹೆಕ್ಸಿಮೈಡ್ ಹಾಕಿ ನೋಡಿ. ಅದು ರೈಬೋಸೋಮುಗಳನ್ನು ಎಂಆರ್‌ಎನ್‌ಎ ಮೇಲೆಯೇ ನಿಲ್ಲಿಸಿಬಿಡುತ್ತದೆ, ಚುಕ್ಕೆಗಳು ಕಟ್ಟುವುದಿಲ್ಲ. ಬರೀ ಕೆಟ್ಟುಹೋದ ಪ್ರೋಟೀನಿನ ಗುಡ್ಡೆಯಾಗಿದ್ದರೆ ಅದಕ್ಕೂ ರೈಬೋಸೋಮಿನಿಂದ ಬಿಡುಗಡೆಯಾದ ಎಂಆರ್‌ಎನ್‌ಎಗೂ ಏನು ಸಂಬಂಧ ಅಂತ ಆಗ ನೀವೇ ನಿಮ್ಮ ಮೇಷ್ಟ್ರನ್ನು ಕೇಳಬಹುದು.